ಮುಖಕ್ಕೊಂದು ಕಾರ್ಡು, ದನಿಗೊಂದು ಕಾರ್ಡು

ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದವರಿಗೇ ಗೊತ್ತು, ಅದರೊಳಗೆ ಎಂಥ ಹೇಸಿಗೆ ಇರುತ್ತದೆ ಅಂತ. ಹೊರಗಿನಿಂದ ಬಿಳಿಯ ಡಬ್ಬ, ಅದರ ಮೇಲೆ ನಾನೇ ಹೊಲಿದು ಹೊದೆಸಿದ ಹೂವಿನ ಬಟ್ಟೆ. ಸ್ಕ್ರೂ ತಿರುಗಿಸಿ ಪಕ್ಕದ ತಗಡು ಎಳೆದರೆ ಜಿರಳೆ ಮೊಟ್ಟೆ, ಹಲ್ಲಿ ಹಿಕ್ಕೆ, ಫ್ಯಾನಿನ ರೆಕ್ಕೆಗೆ ಹಿಡಿದ ಕರಿ ಜಿಡ್ಡು. ಮಳೆಗಾಲದಲ್ಲಿ ಇವೆಲ್ಲದರ ಮೇಲೊಂದು ಪದರ ಬೂಷ್ಟು. ಒಮ್ಮೆ ಎರಡು ಕಾರ್ಡುಗಳ ನಡುವೆ ಹಲ್ಲಿಯೊಂದು ಸಿಕ್ಕಿಕೊಂಡು ಸತ್ತು, ಒಣಗಿ, ಬಾಲ ಮಾತ್ರ ಹೊರಗೆ ಚಾಚಿಕೊಂಡಿತ್ತು. ಅದನ್ನು ಚಿಮುಟದಲ್ಲಿ ಹಿಡಿದೆಳೆದ ದಿನ ನನಗೆ ಮಧ್ಯಾಹ್ನ ಊಟ ಸೇರಲಿಲ್ಲ. ಆದರೂ ಹೇಳುತ್ತೇನೆ, ಆ ಡಬ್ಬದೊಳಗೆ ನಾನು ಕಂಡ ಅತ್ಯಂತ ಅಸಹ್ಯವಾದ ವಸ್ತು ಆ ಹಲ್ಲಿಯಲ್ಲ, ಒಂದು ಗುಲಾಬಿ ಹೂವು.

ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ನಾನೂ ನನ್ನ ಗಂಡನೂ ಒಂದು ಅಂಗಡಿ ಇಟ್ಟುಕೊಂಡಿದ್ದೆವು. ಅವರು ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಮದುವೆ, ಉಪನಯನ, ಗೃಹಪ್ರವೇಶ ಅಂತ ವಿಡಿಯೋ ತೆಗೆಯುವವರು. ನಾನು ಕಂಪ್ಯೂಟರಿನ ಮುಂದೆ ಕೂತು ಕಾಲೇಜಿನವರ ಪ್ರಾಜೆಕ್ಟು, ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವವಳು. ಕಾಲೇಜಿನ ಹುಡುಗರು ಬಂದು, ‘ಅಕ್ಕ, ಗ್ರಾಫಿಕ್ಸ್ ಕಾರ್ಡ್ ಹಾಕಿದೀರಾ, ಗೇಮ್ ಓಡ್ತದಾ’ ಎಂದು ಕೇಳುತ್ತಿದ್ದರು. ಅವರ ಪಾಲಿಗೆ ಕಾರ್ಡು ಅಂದರೆ ಅದೊಂದೇ. ‘ಇಲ್ಲ, ಹೋಗಿ ಓದ್ಕಳಿ’ ಎಂದು ಅಟ್ಟುತ್ತಿದ್ದೆ. ನಮಗೆ ಅನ್ನ ಹಾಕುತ್ತಿದ್ದದ್ದು ಬೇರೆ ಮೂರು ಕಾರ್ಡುಗಳು.

ಕಂಪ್ಯೂಟರಿನೊಳಗಿನ ದೊಡ್ಡ ಹಲಗೆಯಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಆ ಸೀಳಿಗೆ ಯಾವ ಕಾರ್ಡು ಚುಚ್ಚುತ್ತೇವೋ ಕಂಪ್ಯೂಟರಿಗೆ ಆ ಬುದ್ಧಿ ಬರುತ್ತದೆ. ಮೋಡೆಮ್ ಕಾರ್ಡು ಚುಚ್ಚಿದರೆ ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತದೆ. ಸೌಂಡ್ ಕಾರ್ಡು ಚುಚ್ಚಿದರೆ ಕಿವಿ, ಬಾಯಿ ಬರುತ್ತವೆ. ಕ್ಯಾಪ್ಚರ್ ಕಾರ್ಡು ಚುಚ್ಚಿದರೆ ಕ್ಯಾಸೆಟ್ಟಿನಲ್ಲಿರುವ ವಿಡಿಯೋ ಒಳಗೆ ಹೋಗಿ ಕೂರುತ್ತದೆ, ಆಮೇಲೆ ಬೇಕಾದ ಹಾಗೆ ಕತ್ತರಿಸಬಹುದು, ಅಂಟಿಸಬಹುದು. ನಮ್ಮ ಕ್ಯಾಪ್ಚರ್ ಕಾರ್ಡಿಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಹಾಗಾಗಿ ಕ್ಯಾಸೆಟ್ ಓಡಿಸುವ ಯಂತ್ರದ ಹಳದಿ ವಯರು ಕ್ಯಾಪ್ಚರ್ ಕಾರ್ಡಿಗೆ, ಕೆಂಪು-ಬಿಳಿ ವಯರುಗಳು ಸೌಂಡ್ ಕಾರ್ಡಿಗೆ. ಒಂದೇ ಮದುವೆಯ ಮುಖ ಒಂದು ದಾರಿಯಲ್ಲಿ, ದನಿ ಇನ್ನೊಂದು ದಾರಿಯಲ್ಲಿ ಒಳಗೆ ಹೋಗಿ ಅಲ್ಲಿ ಒಂದಾಗಬೇಕು. ಮಳೆ ಹಿಡಿದಾಗ ಕಾರ್ಡುಗಳ ಹೊಂಬಣ್ಣದ ಅಂಚು ಮಂಕಾಗಿ ಎರಡರಲ್ಲೊಂದು ಮುಷ್ಕರ ಹೂಡುತ್ತಿತ್ತು. ಆಗ ಕಿತ್ತು ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಅಂಚನ್ನು ತಿಕ್ಕಿ, ಉಫ್ ಎಂದು ಊದಿ ಮತ್ತೆ ಚುಚ್ಚುವುದು.

ಮೋಡೆಮ್ ಕಾರ್ಡಿನ ಕಥೆ ಬೇರೆ. ಅದು ಇಂಟರ್‌ನೆಟ್ ತಂದದ್ದಕ್ಕಿಂತ ಸಿಡಿಲು ತಂದದ್ದೇ ಹೆಚ್ಚು. ನಮ್ಮ ಕಡೆ ಟೆಲಿಫೋನ್ ತಂತಿ ಗುಡ್ಡ ಹತ್ತಿ ಇಳಿದು ಬರುವಂಥದ್ದು. ಎಲ್ಲೋ ಗುಡುಗಿದರೆ ಸಾಕು, ಮನೆಮನೆಯಲ್ಲೂ ಜನ ಮೊದಲು ಓಡುತ್ತಿದ್ದದ್ದು ಫೋನಿನ ಪಿನ್ನು ಕೀಳುವುದಕ್ಕೆ, ಆಮೇಲೆ ಒಣಹಾಕಿದ ಬಟ್ಟೆ ತೆಗೆಯುವುದಕ್ಕೆ. ಕಿತ್ತರೂ ವರ್ಷಕ್ಕೊಂದು ಮೋಡೆಮ್ ಸುಟ್ಟೇ ಸುಡುತ್ತಿತ್ತು. ಹಾಗೆ ಸುಟ್ಟದ್ದೊಂದನ್ನು ನನ್ನ ಗಂಡ ಅಂಗಡಿ ಬಾಗಿಲಿಗೆ ನಿಂಬೆಹಣ್ಣು-ಮೆಣಸಿನಕಾಯಿಯ ಪಕ್ಕ ದೃಷ್ಟಿಗೆ ಅಂತ ಕಟ್ಟಿದ್ದರು. ಮಳೆ ಬಂದಾಗ ಅದರಿಂದ ಸುಟ್ಟ ಗೊಬ್ಬರದಂಥ ವಾಸನೆ ಬರುತ್ತಿತ್ತು. ತೆಗೆಯಿರಿ ಎಂದರೆ ತೆಗೆಯುತ್ತಿರಲಿಲ್ಲ.

ಕ್ಯಾಪ್ಚರ್ ಕಾರ್ಡು ಬರುವ ಮೊದಲು ಮದುವೆ ವಿಡಿಯೋ ಅಂದರೆ ತೆಗೆದದ್ದೇ. ಸೀನಿದ್ದು, ಆಕಳಿಸಿದ್ದು, ಹೋಳಿಗೆ ಸಾಲದೆ ಪಂಕ್ತಿಯಲ್ಲಿ ಮುಖ ಊದಿಸಿಕೊಂಡದ್ದು, ಎಲ್ಲ ಕ್ಯಾಸೆಟ್ಟಿನಲ್ಲಿ ಇದ್ದಂತೆ ಇರುತ್ತಿತ್ತು. ಜನ ಅದನ್ನು ನೋಡಿ ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಕತ್ತರಿಸಬಹುದು ಎಂದು ಗೊತ್ತಾದದ್ದೇ ತಡ, ಸಂಭಾವಿತರ ಹೊಟ್ಟೆಯೊಳಗಿನ ಹುಳುಕೆಲ್ಲ ನನ್ನ ಮೇಜಿನ ಮೇಲೆ ಬಂದು ಬಿದ್ದಿತು. ಗಿರಾಕಿಗಳು ನನ್ನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು ಬೆರಳು ತೋರಿಸುವರು. ‘ಇವ್ರನ್ನ ತೆಗೀರಿ, ಇವ್ರಿಗೂ ನಮಗೂ ಬೇಲಿ ತಕರಾರು.’ ‘ಈ ಹೆಂಗಸಿನ ಸೀರೆ ನೋಡಿ, ಮರ್ಯಾದೆ ಹೋಗ್ತದೆ, ತೆಗೀರಿ.’ ಮನೆಗೆ ಕರೆದು, ಎಲೆ ಹಾಕಿ, ‘ಇನ್ನೊಂಚೂರು ಬಡಿಸ್ಕಳಿ’ ಎಂದು ಉಪಚಾರ ಮಾಡಿ, ಅದೇ ನೆಂಟರನ್ನು ವಾರ ಕಳೆಯುವುದರೊಳಗೆ ನನ್ನ ಮುಂದೆ ಕತ್ತರಿಸಲು ಕೂರುತ್ತಿದ್ದರು. ನನಗೆ ಎಷ್ಟೋ ಸಲ ಎದ್ದು ಹೋಗಿ ಕೈ ತೊಳೆದುಕೊಂಡು ಬರಬೇಕು ಅನ್ನಿಸುತ್ತಿತ್ತು. ತೊಳೆದುಕೊಂಡೂ ಬರುತ್ತಿದ್ದೆ.

ಕತ್ತರಿಸಿದ ಜಾಗಕ್ಕೆ ತುಂಬಲು ಆ ಸಾಫ್ಟ್‌ವೇರಿನಲ್ಲಿ ಒಂದು ಅಲಂಕಾರದ ಸಂತೆಯೇ ಇತ್ತು. ಹೃದಯದ ಆಕಾರ, ಹಾರುವ ಪಾರಿವಾಳ, ಉದುರುವ ನಕ್ಷತ್ರ, ಗಿರಗಿರ ತಿರುಗುವ ಕೆಂಪು ಗುಲಾಬಿ. ನನ್ನ ಗಂಡನಿಗೆ ಇವೆಲ್ಲ ಬಲು ಪ್ರೀತಿ. ಗಂಡು-ಹೆಣ್ಣಿನ ಹೆಸರನ್ನು ಎರಡು ಪಾರಿವಾಳಗಳು ಕಚ್ಚಿಕೊಂಡು ಬರದಿದ್ದರೆ ಅವರಿಗೆ ಮದುವೆ ಆದ ಹಾಗೇ ಆಗುತ್ತಿರಲಿಲ್ಲ.

ಆ ವರ್ಷ ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಮೇಗುಂದ ಕಡೆಯ ಒಂದು ಮನೆಯ ಹುಡುಗಿಯ ಮದುವೆ ಶೃಂಗೇರಿಯ ಛತ್ರವೊಂದರಲ್ಲಿ ಆಯಿತು. ಗಂಡಿನವರು ನರಸಿಂಹರಾಜಪುರದವರು, ಎಲ್ಲರ ಬಾಯಲ್ಲಿ ಎನ್.ಆರ್. ಪುರ. ಹುಡುಗಿಗೆ ಅಪ್ಪ ಇರಲಿಲ್ಲ, ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯ ಯಜಮಾನಿಕೆಯೆಲ್ಲ ಅಪ್ಪನ ಅಣ್ಣನದು, ಅಂದರೆ ಹುಡುಗಿಯ ದೊಡ್ಡಪ್ಪನದು. ಧಾರೆ ಎರೆಯುವುದೂ ದೊಡ್ಡಪ್ಪ-ದೊಡ್ಡಮ್ಮನೇ. ಹೆತ್ತ ತಾಯಿ ಮುತ್ತೈದೆಯಲ್ಲವಲ್ಲ, ಮಂಟಪದ ಹತ್ತಿರ ಬರುವ ಹಾಗಿಲ್ಲ.

ಮದುವೆಗಳಿಗೆ ಲೈಟು ಹಿಡಿಯಲು ನಾನೂ ಹೋಗುತ್ತಿದ್ದೆ. ಅಲ್ಲಿ ಹೋದಮೇಲೆ ನೋಡುತ್ತೇನೆ, ಆ ತಾಯಿಯನ್ನು ಉಗ್ರಾಣದಲ್ಲಿ ಕೂರಿಸಿದ್ದಾರೆ. ಸುತ್ತ ಬಾಳೆಲೆಯ ಕಟ್ಟು, ತೆಂಗಿನಕಾಯಿ ರಾಶಿ, ಸಕ್ಕರೆ ಮೂಟೆ. ನಡುವೆ ಒಂದು ಮಣೆಯ ಮೇಲೆ ಆಕೆ, ಕೈಯಲ್ಲಿ ಮೈಕು. ಬಾಗಿಲ ಕೆಳಗಿನಿಂದ ಮೈಕಿನ ವಯರು ಎಳೆದಿದ್ದರು. ವಿಷಯ ಏನೆಂದರೆ, ನಮ್ಮ ಕಡೆ ಮದುವೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಹೆಂಗಸರು ಒಂದೊಂದು ಹಾಡು ಹೇಳಬೇಕು. ಎಣ್ಣೆ ಹಚ್ಚುವಾಗ ಬೇರೆ, ಮದುಮಗನನ್ನು ಎದುರುಗೊಳ್ಳುವಾಗ ಬೇರೆ, ಧಾರೆಗೆ ಬೇರೆ, ಆರತಿಗೆ ಬೇರೆ. ಆ ಹಾಡುಗಳನ್ನೆಲ್ಲ ಬಲ್ಲವರು ಆ ಮನೆಯಲ್ಲಿ ಉಳಿದಿದ್ದದ್ದು ಆಕೆ ಒಬ್ಬರೇ. ಉಳಿದವರಿಗೆ ಮೊದಲ ಸಾಲು ಬಂದರೆ ಎರಡನೆಯದು ಬರುವುದಿಲ್ಲ. ಅದಕ್ಕೆ ದೊಡ್ಡಪ್ಪ ಈ ಉಪಾಯ ಹೂಡಿದ್ದರು. ಮುಖ ಒಳಗಿರಲಿ, ದನಿ ಮಾತ್ರ ಹೊರಗೆ ಬರಲಿ.

ಆಕೆ ನನ್ನನ್ನು ಹತ್ತಿರ ಕರೆದು, ‘ಇದನ್ನ ಎಷ್ಟು ದೂರ ಹಿಡಿಯದು ತಂಗಿ? ಹತ್ರ ತಂದ್ರೆ ಕುಂಯ್ ಅಂತದೆ’ ಎಂದು ಕೇಳಿದರು. ಗಲ್ಲದ ಹತ್ತಿರ ಅಡ್ಡ ಹಿಡಿಯುವುದನ್ನು ತೋರಿಸಿಕೊಟ್ಟೆ. ‘ನೀವು ಇಲ್ಲಿ ಕೂತ್ರೆ ಮಗಳ ಧಾರೆ ಕಾಣ್ತದಾ?’ ಎಂದೆ. ‘ಕಾಣದೇನು, ಮಂತ್ರ ಕೇಳ್ತದಲ್ಲ, ಯಾವಾಗ ಎಂತ ಆಗ್ತದೆ ಅಂತ ಗೊತ್ತಾಗ್ತದೆ’ ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ಅಲ್ಲಿ ಯಾರ ಮೇಲೆ ತೀರಿಸಿಕೊಳ್ಳಲಿ? ಲೈಟು ಹಿಡಿದುಕೊಂಡು ಮಂಟಪದ ಹತ್ತಿರ ಹೋದೆ.

ಹಾಡು ಎಷ್ಟು ಚೆನ್ನಾಗಿತ್ತೆಂದರೆ ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದವರು ಕೂಡ ಬಂದು ಕಂಬಕ್ಕೊರಗಿ ನಿಂತಿದ್ದರು. ಗಂಡಿನ ಕಡೆಯ ಹೆಂಗಸರು, ‘ಯಾರಿದು ಹೇಳ್ತಿರದು?’ ಎಂದು ಅತ್ತಿತ್ತ ನೋಡುತ್ತಿದ್ದರು. ಹುಡುಗಿಯ ಬೊಗಸೆಯ ಮೇಲೆ ನೀರು ಬೀಳುವ ಹೊತ್ತು ಬಂತು. ಧಾರೆಯ ಹಾಡು ನಡೆಯುತ್ತಿತ್ತು. ಒಂದು ಸಾಲಿನ ಅರ್ಧಕ್ಕೆ ಹಾಡು ನಿಂತಿತು. ಪುರೋಹಿತರ ಮಂತ್ರ, ತಂಬಿಗೆಯ ನೀರು ಬೀಳುವ ಸದ್ದು, ಅಷ್ಟೇ. ನಾನು ತಿರುಗಿ ನೋಡಿದೆ. ಆಕೆ ಮೈಕು ಕೆಳಗಿಟ್ಟು ಉಗ್ರಾಣದ ಹೊಸ್ತಿಲಿಗೆ ಬಂದು ನಿಂತಿದ್ದರು. ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಕೈ ಎತ್ತಿ ಒಂದು ಹಿಡಿ ಅಕ್ಷತೆ ಎಸೆದು, ಒಳಗೆ ಹೋಗಿ, ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಮಂಟಪದಲ್ಲಿದ್ದ ಯಾರೂ ಆಕೆಯನ್ನು ನೋಡಿರಲಿಲ್ಲ. ನೋಡಿದ್ದು ನಾನು ಮತ್ತು ನನ್ನ ಗಂಡನ ಕ್ಯಾಮೆರಾ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ದೊಡ್ಡಪ್ಪ ನೋಡಲು ಬಂದರು. ಹೆಗಲ ಮೇಲೆ ಶಾಲು, ಬಾಯಲ್ಲಿ ಎಲೆಯಡಿಕೆಯ ಕವಳ. ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತು ಪ್ರತಿ ಹಾಡಿಗೂ ತಲೆದೂಗಿದರು. ‘ಎಂಥ ಹಾಡು ಅಂತೀರಿ! ಎನ್.ಆರ್. ಪುರದವ್ರು ಬಾಯಿ ಬಿಟ್ಕಂಡು ಕೇಳಿದ್ರು. ನಮ್ಮ ಮನೆತನದ ಹಾಡು ಅಂದೆ ನಾನು’ ಎಂದರು. ಧಾರೆ ಬಂತು. ಹುಡುಗಿಯ ಹೆಗಲ ಹಿಂದೆ, ಬಾಗಿಲ ಚೌಕಟ್ಟಿನಲ್ಲಿ, ಆಕೆ ಬಂದು ನಿಂತದ್ದು ಸ್ಪಷ್ಟವಾಗಿ ಕಂಡಿತು. ದೊಡ್ಡಪ್ಪ ತಟ್ಟನೆ ಮುಂದಕ್ಕೆ ಬಾಗಿದರು.

‘ಇದೆಂಥದು? ಇವ್ಳು ಯಾಕೆ ಬಂದ್ಲು ಅಲ್ಲಿ? ತೆಗೀರಿ ಅದನ್ನ.’

‘ತೆಗೆಯೋಕೆ ಬರಲ್ಲ. ಅದನ್ನ ತೆಗೆದ್ರೆ ಧಾರೆಯೇ ಹೋಗ್ತದೆ. ಆ ಹೊತ್ತಿಗೇ ಬಂದಿದಾರೆ ಅವರು.’

‘ಹಂಗಂದ್ರೆ? ಗಂಡಿನ ಮನೇಲಿ ಇದನ್ನ ಹತ್ತು ಜನ ನೋಡ್ತಾರೆ. ಶುಭಕಾರ್ಯದಲ್ಲಿ ಎದುರಿಗೇ ನಿಂತಿದಾಳಲ್ಲ, ಎಂತ ಅಂದ್ಕಳಲ್ಲ ಅವ್ರು? ನಾಳೆ ಆ ಹುಡುಗಿಗೆ ಒಂದು ನೆಗಡಿ ಬಂದ್ರೂ ಇದರಿಂದ್ಲೇ ಅಂತಾರೆ.’

‘ಮಗಳ ಮದುವೆ ತಾಯಿ ನೋಡಿದ್ರೆ ನೆಗಡಿ ಬರ್ತದಾ?’

‘ನಿಮಗೆ ಅದೆಲ್ಲ ತಿಳಿಯಲ್ಲ, ಸುಮ್ನಿರಿ ಮಾರಾಯ್ತಿ. ಹೂವು ಗೀವು ಹಾಕ್ತೀರಲ್ಲ ನೀವು, ಒಂದು ಹೂವು ಹಾಕಿ ಮುಖದ ಮೇಲೆ. ಚಂದಕ್ಕೆ ಹಾಕಿದಾರೆ ಅಂದ್ಕಳ್ತಾರೆ.’

ಅಷ್ಟು ಹೊತ್ತು ತಡೆದುಕೊಂಡಿದ್ದೆ. ಕಂಪ್ಯೂಟರಿನ ಹಿಂದಕ್ಕೆ ಕೈ ಹಾಕಿ ಸೌಂಡ್ ಕಾರ್ಡಿನಿಂದ ಸ್ಪೀಕರಿನ ವಯರು ಕಿತ್ತೆ. ಮದುವೆ ಮೂಕವಾಯಿತು. ಪುರೋಹಿತರ ಬಾಯಿ ಆಡುತ್ತಿದೆ, ಓಲಗದವರ ಕೆನ್ನೆ ಉಬ್ಬುತ್ತಿದೆ, ಸದ್ದಿಲ್ಲ.

‘ಎಂತ ಆಯ್ತು? ಹಾಡೆಲ್ಲಿ ಹೋಯ್ತು?’

‘ಮುಖ ಒಂದು ಕಾರ್ಡಿಂದ ಬರೋದು, ದನಿ ಇನ್ನೊಂದು ಕಾರ್ಡಿಂದ. ಎರಡೂ ಅವರದ್ದೇ. ಮುಖ ಆಗಲ್ಲ ಅಂದಮೇಲೆ ದನಿ ಹೆಂಗೆ ಆಗ್ತದೆ? ತೆಗೆದ್ರೆ ಎರಡೂ ತೆಗೀತೀನಿ, ಇಲ್ದಿದ್ರೆ ಎರಡೂ ಇರ್ಲಿ. ನೀವೇ ಹೇಳಿ.’

ಅವರಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿ, ನಿಧಾನವಾಗಿ ಹೇಳಿದರು: ‘ಹಾಡಿಲ್ದೆ ಎಂಥ ಮದುವೆ? ಹಾಡು ಇರ್ಲಿ. ಹಾಡು ಯಾರದ್ದು ಅಂತ ಯಾರಿಗೆ ಗೊತ್ತಾಗ್ತದೆ?’

ಹಲ್ಲಿಯ ಬಾಲ ನೋಡಿದಾಗಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ. ಆ ಮನುಷ್ಯ ಕೆಟ್ಟವರೇನೂ ಅಲ್ಲ. ತಮ್ಮ ಸತ್ತ ಮೇಲೆ ಆ ತಾಯಿ-ಮಗಳನ್ನು ಸಾಕಿದವರು, ಓದಿಸಿದವರು, ಹುಡುಗಿ ಧಾರೆಯ ಹೊತ್ತಿಗೆ ಅತ್ತಾಗ ತಾವೂ ಅತ್ತವರು. ಅದೇ ನನಗೆ ಇನ್ನೂ ಹೇಸಿಗೆ ತಂದದ್ದು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ನಾನು ಹಾಕುವುದಿಲ್ಲ ಎಂದು ಎದ್ದೆ. ಅಷ್ಟರಲ್ಲಿ ಹೊರಗಿನಿಂದ ಬಂದ ನನ್ನ ಗಂಡ ವಿಷಯ ಕೇಳಿ, ‘ಗಿರಾಕಿ ಹೇಳಿದ್ದು ಮಾಡದು ನಮ್ಮ ಕೆಲ್ಸ, ನಿಂಗೆ ಯಾಕೆ ಊರ ಉಸಾಬರಿ’ ಎಂದು ನನ್ನ ಕುರ್ಚಿಯಲ್ಲಿ ಕೂತರು. ಅವರಿಗೆ ಗುಲಾಬಿ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಸಣ್ಣದು ಇಟ್ಟರು. ಗಲ್ಲ ಕಾಣುತ್ತಿತ್ತು. ದೊಡ್ಡಪ್ಪ, ‘ಇನ್ನೊಂಚೂರು ದೊಡ್ಡದು ಮಾಡಿ’ ಎಂದರು. ದೊಡ್ಡದು ಮಾಡಿದರೆ ಮದುಮಗಳ ಕಿವಿಯೋಲೆಯನ್ನೂ ನುಂಗಿತು. ಆ ಗುಲಾಬಿಗೆ ಸುಮ್ಮನೆ ಇರಲು ಬರುತ್ತಿರಲಿಲ್ಲ, ತಿರುಗುವುದೊಂದೇ ಅದಕ್ಕೆ ಗೊತ್ತು. ಹಾಡು ನಿಲ್ಲುತ್ತದೆ, ನೀರು ಬೀಳುತ್ತದೆ, ಮಂತ್ರ ನಡೆಯುತ್ತದೆ, ಅಲ್ಲೊಂದು ಕೆಂಪು ಗುಲಾಬಿ ಗಾಣದ ಹಾಗೆ ಗಿರಗಿರ ತಿರುಗುತ್ತದೆ. ದೊಡ್ಡಪ್ಪ, ‘ಹಾಂ, ಈಗ ಲಕ್ಷಣ’ ಎಂದರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತಾರಲ್ಲ, ಹಾಗೆ. ಹೂವಿನ ಮೇಲ್ಗಡೆ ಅಕ್ಷತೆ ಎಸೆಯಲು ಎತ್ತಿದ ಆಕೆಯ ಕೈ ಹಾಗೇ ಉಳಿದಿತ್ತು, ಬಳೆಯಿಲ್ಲದ ಬೋಳು ಕೈ. ಅವರಿಬ್ಬರಿಗೂ ಅದು ಕಾಣಲಿಲ್ಲ. ನನಗೆ ಕಂಡಿತು. ನಾನು ಬಾಯಿ ಬಿಡಲಿಲ್ಲ. ಇರಲಿ ಎಂದುಕೊಂಡೆ.

ಸೀಡಿ ಮಾಡಿ ಕೊಟ್ಟಾಯಿತು. ಕ್ಯಾಸೆಟ್ಟಿನ ಮೇಲೆ ವಾಡಿಕೆಯಂತೆ ನನ್ನ ಗಂಡ ಮುಂದಿನ ವಾರದ ಮದುವೆಯನ್ನು ತೆಗೆದರು. ಹೂವಿಲ್ಲದ ಧಾರೆ ಉಳಿದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಜಾಗ ಮಾಡಬೇಕು. ನಾನು ಅಳಿಸಲಿಲ್ಲ. ಲಗ್ನಪತ್ರಿಕೆಗಳ ನಡುವೆ ಬೇರೆ ಹೆಸರಿನಲ್ಲಿ ಇಟ್ಟೆ. ‘ಜಾಗ ಸಾಲ್ತಿಲ್ಲ, ಎಂತದೋ ನುಂಗಿ ಕೂತದೆ’ ಎಂದು ನನ್ನ ಗಂಡ ಗೊಣಗುವಾಗಲೆಲ್ಲ, ‘ನಿಮ್ಮ ಪಾರಿವಾಳಗಳೇ ಇರಬೇಕು’ ಎನ್ನುತ್ತಿದ್ದೆ. ಆ ಹುಡುಗಿ ಒಂದಲ್ಲ ಒಂದು ದಿನ ಕೇಳಿಕೊಂಡು ಬಂದೇ ಬರುತ್ತಾಳೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಬಂದಾಗ ಕೈಗೆ ಕೊಡಬೇಕು.

ಆಮೇಲೆ ಪರೀಕ್ಷೆಯ ರಿಸಲ್ಟು ಬರುವ ದಿನ ಬಂತು. ಆ ಕಾಲದಲ್ಲಿ ರಿಸಲ್ಟು ಇಂಟರ್‌ನೆಟ್ಟಿನಲ್ಲಿ ಮೊದಲು ಬರುತ್ತಿತ್ತು. ಬಾಳಗಡಿಯ ಜನವೆಲ್ಲ ನಮ್ಮ ಅಂಗಡಿಯಲ್ಲೇ ಇದ್ದರೋ ಅನ್ನುವಷ್ಟು ನೂಕುನುಗ್ಗಲು. ಮೋಡೆಮ್ ಕಾರ್ಡು ಕುಯ್ಯೋ ಎಂದು ಕೂಗಿ ಕೂಗಿ ಒಂದೊಂದು ನಂಬರಿಗೂ ಜೀವ ತೆಗೆಯುತ್ತಿತ್ತು. ಮಧ್ಯಾಹ್ನದ ಮೇಲೆ ಆಕಾಶ ಕಪ್ಪಾಯಿತು. ದೂರದಲ್ಲಿ ಗುಡುಗಿತು. ಪ್ರತಿ ಮನೆಯಲ್ಲೂ ಪಿನ್ನು ಕೀಳುವ ಇದೇ ಜನ, ಗುಡುಗಿನ ಸದ್ದಿಗೆ ನಾನು ಕೈ ಚಾಚಿದರೆ, ‘ಅಕ್ಕ ಅಕ್ಕ, ಇದೊಂದೇ ನಂಬರು’ ಎಂದು ಅಡ್ಡ ನಿಂತರು. ಇನ್ನೊಮ್ಮೆ ಗುಡುಗಿತು. ‘ದೂರ ಇದೆ ಮಾರಾಯ್ತಿ, ಇನ್ನೂ ಗುಡ್ಡದಾಚೆ’ ಎಂದು ಮಗಳ ನಂಬರು ಹಿಡಿದು ನಿಂತಿದ್ದ ಒಬ್ಬ ಅಪ್ಪ ನನ್ನ ಕೈಯನ್ನೇ ಹಿಡಿದುಕೊಂಡ. ಮಗಳು ಪಾಸೋ ಫೇಲೋ ಗೊತ್ತಾಗುವ ಮೊದಲೇ ಬೆಳ್ಳಗೆ ಮಿಂಚಿ ಛಟ್ ಎಂದಿತು. ಎಲ್ಲರೂ ಬಾಗಿಲಿನಿಂದ ಹೊರಗೆ ಹಾರಿದರು.

ಡಬ್ಬ ಬಿಚ್ಚಿದರೆ ಮೋಡೆಮ್ ಕಾರ್ಡು ಒಡೆದು ಎರಡಾಗಿತ್ತು. ಸೌಂಡ್ ಕಾರ್ಡಿನ ಮೇಲೆ ಕರಿ ಮಸಿ, ಕ್ಯಾಪ್ಚರ್ ಕಾರ್ಡಿನ ಒಂದು ಕಾಲು ಕರಗಿ ಸೀಳಿಗೇ ಅಂಟಿಕೊಂಡಿತ್ತು. ಸುಟ್ಟ ಜಿರಳೆ, ಸುಟ್ಟ ಪ್ಲಾಸ್ಟಿಕ್ಕು ಸೇರಿದ ವಾಸನೆ ಅಂಗಡಿಯಿಂದ ಬಹಳ ದಿನ ಹೋಗಲಿಲ್ಲ. ಎಲ್ಲವನ್ನೂ ಇಟ್ಟುಕೊಂಡಿದ್ದ ಹಾರ್ಡ್ ಡಿಸ್ಕನ್ನು ಶಿವಮೊಗ್ಗಕ್ಕೆ ಕಳಿಸಿದೆವು. ಇದು ಇನ್ನು ಏಳುವುದಿಲ್ಲ ಎಂದು ವಾಪಸು ಬಂತು. ನನ್ನ ಗಂಡ ಹೊಸ ಕಾರ್ಡುಗಳ ಚಿಂತೆಯಲ್ಲಿದ್ದರು. ನಾನು ಬಾಗಿಲಿಗೆ ಕಟ್ಟಿದ್ದ ಆ ದೃಷ್ಟಿಯ ಮೋಡೆಮ್ಮನ್ನು ಕಿತ್ತು ಚರಂಡಿಗೆ ಎಸೆದೆ.

ಮಳೆ ಹಿಡಿದ ಮೇಲೆ ಒಂದು ದಿನ ಆ ಹುಡುಗಿ ಬಂದಳು. ಒಬ್ಬಳೇ ಅಲ್ಲ, ಅವಳ ಅತ್ತೆಯೂ ಜೊತೆಗಿದ್ದರು. ಎನ್.ಆರ್. ಪುರದಿಂದ ಬಸ್ಸಿನಲ್ಲಿ ಬಂದು, ಒದ್ದೆ ಕೊಡೆಯನ್ನು ಬಾಗಿಲಲ್ಲಿ ಒರಗಿಸಿ, ಅತ್ತೆ ಕುರ್ಚಿಯಲ್ಲಿ ಕೂರುವ ಮೊದಲೇ ಚೀಲದಿಂದ ಸೀಡಿ ತೆಗೆದು ಮೇಜಿನ ಮೇಲಿಟ್ಟರು.

‘ಎಂತ ಅಸಹ್ಯ ಇದು? ಯಾರು ಹಾಕಿದ್ದು ಈ ಹೂವು?’

ನನ್ನ ಗಂಡ ಹೊರಗೆ ಮಳೆ ನೋಡತೊಡಗಿದರು. ಅತ್ತೆಯೇ ಮುಂದುವರಿಸಿದರು. ಮನೆಯಲ್ಲಿ ಎಲ್ಲರೂ ಕೂತು ಸೀಡಿ ನೋಡಿದರಂತೆ. ದೊಡ್ಡಪ್ಪನೂ ಅವತ್ತು ಬಂದು ಕೂತಿದ್ದರಂತೆ. ಧಾರೆಯ ಹೊತ್ತಿಗೆ ಹಾಡು ನಿಂತು ಗುಲಾಬಿ ತಿರುಗಿದ ಕೂಡಲೆ ಯಾರಿಗೂ ಗಂಡು-ಹೆಣ್ಣು ಕಾಣಲಿಲ್ಲ, ಎಲ್ಲರೂ ನೋಡಿದ್ದು ಅದನ್ನೇ. ‘ನಾನೇ ಕೇಳ್ದೆ, ಇದೆಂಥ ಹೂವು, ಅದರ ಮೇಲೊಂದು ಕೈ ಇದ್ಯಲ್ಲ, ಯಾರದ್ದು ಈ ಕೈ ಅಂತ. ಇವರ ದೊಡ್ಡಪ್ಪ, ಅದು ಡಿಸೈನು ಅಂದ್ರು. ಇವ್ಳು ಎದ್ದು ನಿಂತು, ಅದು ನನ್ನಮ್ಮ ಅಂದ್ಲು.’

ಹುಡುಗಿ ಸೀರೆಯ ಸೆರಗಿನ ತುದಿಯನ್ನು ಸುತ್ತುತ್ತ ಕೂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ದೊಡ್ಡಪ್ಪನ ಪಾಡು. ಆ ಹೂವು ಇಲ್ಲದಿದ್ದರೆ ಬಾಗಿಲಲ್ಲಿ ನಿಂತ ಒಬ್ಬ ಹೆಂಗಸನ್ನು ಯಾರೂ ಗಮನಿಸುತ್ತಲೇ ಇರಲಿಲ್ಲ. ಯಾರ ಕಣ್ಣಿಗೆ ಬೀಳಬಾರದು ಎಂದು ದೊಡ್ಡಪ್ಪ ಇಷ್ಟೆಲ್ಲ ಮಾಡಿದರೋ, ಆ ಬೀಗಿತ್ತಿಯೇ ಈಗ ನನ್ನ ಮುಂದೆ ಕೂತು, ‘ನಂಗೆ ಅವತ್ತು ಊಟ ಸೇರ್ಲಿಲ್ಲ. ಅವ್ರ ಹಾಡು ಬೇಕಂತೆ, ಅವ್ರು ಬೇಡ್ವಂತೆ. ಇಷ್ಟು ದಿನ ನಮ್ಮನ್ನ ಎಂಥವ್ರು ಅಂದ್ಕಂಡಿದಾರೆ ಇವ್ರು? ತೆಗೀರಿ ಆ ಹೂವ’ ಎನ್ನುತ್ತಿದ್ದರು.

ಸುಟ್ಟ ಕ್ಯಾಪ್ಚರ್ ಕಾರ್ಡನ್ನು ತಂದು ತೋರಿಸಿದೆ. ಬೇರೆ ಏನು ತೋರಿಸಲಿ? ಸೀಡಿಯಲ್ಲಿ ಹೂವಿನ ಕೆಳಗೆ ಮುಖ ಇಲ್ಲ, ಅಲ್ಲಿರುವುದು ಹೂವೇ. ಹೂವಿಲ್ಲದ್ದು ಇದ್ದ ಜಾಗ ಸುಟ್ಟುಹೋಗಿದೆ. ಹುಡುಗಿ ಆ ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬೆರಳಿಗೆ ಮಸಿ ಹತ್ತಿತು.

‘ಅಮ್ಮ ನೋಡಿದ್ರಾ ಸೀಡಿ?’ ಎಂದು ಕೇಳಿದೆ.

‘ದೊಡ್ಡಪ್ಪನ ಮನೇಲಿ ಹಾಕಿದ್ರಂತೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ಲಂತೆ’ ಎಂದಳು.

‘ಏನಂದ್ರು?’

‘ಹಾಡು ಚೆನ್ನಾಗಿ ಬಂದದೆ ಅಂದ್ಲಂತೆ.’

ಹೊರಡುವಾಗ ಅತ್ತೆ ನನ್ನ ಗಂಡನ ಕಡೆ ತಿರುಗಿ, ‘ಮುಂದಿನ ಸಲ ನಮ್ಮನೆಗೆ ನೀವೇ ಬರ್ಬೇಕು ವಿಡಿಯೋಕ್ಕೆ. ಯಾರನ್ನ ತೆಗೀಬೇಕು ಅಂತ ನಾನು ಹೇಳ್ತೀನಿ’ ಎಂದರು.

ಮುಂದಿನ ವರ್ಷ ಹುಡುಗಿಯ ಸೀಮಂತಕ್ಕೆ ಹೇಳಿ ಕಳಿಸಿದರು. ಅಷ್ಟರಲ್ಲಿ ನಮ್ಮ ಕಂಪ್ಯೂಟರಿಗೆ ಹೊಸ ಕಾರ್ಡುಗಳು ಬಂದಿದ್ದವು. ಎನ್.ಆರ್. ಪುರದ ಆ ಮನೆಯ ಜಗಲಿಯಲ್ಲಿ ದೊಡ್ಡಪ್ಪ ಕವಳ ಮೆಲ್ಲುತ್ತ ಕೂತಿದ್ದರು. ಒಳಗೆ ಹೋಗಿ ನೋಡಿದರೆ ಹುಡುಗಿಯ ತಾಯಿಯನ್ನು ಹಸೆಯ ಎದುರಿಗೆ, ಚಾಪೆಯ ಮೊದಲ ಸಾಲಿನಲ್ಲೇ ಕೂರಿಸಿದ್ದರು. ಸೀಮಂತಕ್ಕೂ ಅಂಥವರು ಮುಂದೆ ಬರುವ ಪದ್ಧತಿ ಇಲ್ಲ. ಕೆಲವು ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅತ್ತೆ ಯಾರಿಗೂ ಸೊಪ್ಪು ಹಾಕದೆ, ಬೀಗಿತ್ತಿಯ ಕೈಗೆ ತಾವೇ ಮೈಕು ತಂದು ಕೊಟ್ಟು, ‘ಇಲ್ಲೇ ಕೂತು ಹೇಳಿ’ ಎಂದರು. ಆಕೆ ಮೈಕನ್ನು ಗಲ್ಲದ ಹತ್ತಿರ ಅಡ್ಡ ಹಿಡಿದರು. ನಾನು ಹೇಳಿಕೊಟ್ಟದ್ದು ಮರೆತಿರಲಿಲ್ಲ.

ಆರತಿಯ ಹಾಡು ಶುರುವಾಯಿತು. ನಾನು ಲೈಟು ಎತ್ತಿದೆ. ನನ್ನ ಗಂಡ ಹುಡುಗಿಯ ಮುಖದಿಂದ ಕ್ಯಾಮೆರಾವನ್ನು ಮೆಲ್ಲಗೆ ತಾಯಿಯ ಕಡೆ ತಿರುಗಿಸಿದರು. ಲೈಟು ಮುಖದ ಮೇಲೆ ಬಿದ್ದದ್ದೇ ತಡ, ಆಕೆ ಪಕ್ಕದಲ್ಲಿದ್ದ ಖಾಲಿ ಹರಿವಾಣವನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಹಾಡು ನಿಲ್ಲಲಿಲ್ಲ. ಹರಿವಾಣದ ಹಿಂದಿನಿಂದ ದನಿ ಮೊದಲಿನ ಹಾಗೇ ಬರುತ್ತಿತ್ತು, ಒಂದು ಸ್ವರವೂ ಅಲುಗದೆ. ಹಿತ್ತಾಳೆಯ ಮೇಲೆ ನನ್ನ ಲೈಟು ಹೊಳೆದು ಕಣ್ಣು ಕುಕ್ಕಿತು. ನನಗೆ ಲೈಟು ಆರಿಸಿಬಿಡೋಣ ಅನ್ನಿಸಿತು. ಗುಲಾಬಿ ಇಡಲು ಈಗ ಯಾರೂ ಬೇಕಾಗಿರಲಿಲ್ಲ, ಆಕೆಯೇ ಕಲಿತುಬಿಟ್ಟಿದ್ದರು.

ಹುಡುಗಿ ಹಸೆಯಿಂದ ಏಳಬಾರದು. ಎದ್ದಳು. ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದು ಅಮ್ಮನ ಮುಂದೆ ಕೂತು, ಹರಿವಾಣದ ಅಂಚು ಹಿಡಿದು ಕೆಳಗೆಳೆದಳು. ಆಕೆ ಬಿಡಲಿಲ್ಲ. ಹಾಡನ್ನು ಅರ್ಧಕ್ಕೆ ಬಿಟ್ಟು ಮಗಳ ಕಿವಿಯ ಹತ್ತಿರ ಬಾಗಿ, ಗುಟ್ಟಾಗಿ ಹೇಳುವ ಹಾಗೆ ಹೇಳಿದರು. ಇನ್ನೊಂದು ಕೈಯಲ್ಲಿ ಮೈಕು ಇರುವುದು ಆಕೆಗೆ ಮರೆತೇಹೋಗಿತ್ತು. ಜಗಲಿಯವರೆಗೂ, ದೊಡ್ಡಪ್ಪನವರೆಗೂ ಎಲ್ಲರಿಗೂ ಕೇಳಿಸಿತು.

‘ಬಿಡು ಮಗಾ, ಹಿಂಗೇ ಇರ್ಲಿ. ಆಮೇಲೆ ಪಾಪ ಅವ್ರಿಗೆ ನನ್ನ ತೆಗೆಯೋಕೆ ಕಷ್ಟ ಆಗ್ತದೆ.’